ಹರಕೆ ಹೊರದೆ ಹೊರಟವಳು

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಾಗಲಕೋಟೆ, ಹುನಗುಂದ, ಬಾದಾಮಿ ಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಹಳಬರು ಹೇಳುವುದು ಒಂದೇ: ಅದು ಬಸವಣ್ಣನ ವಾರ. ಬಿತ್ತಿಗೆಯ ಹದ ಹೋಗುತ್ತಿದ್ದರೂ, ಮೇಲೆ ಮೋಡ ಕಟ್ಟಿದ್ದರೂ ಆ ದಿನ ಎತ್ತು ಗೋದಲಿಯ ಮುಂದೆ ಮೆಲುಕು ಹಾಕುತ್ತ ನಿಂತಿರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಈ ನೇಮ ಸಡಿಲಾಯಿತು, ಆದರೂ ಎತ್ತು ಉಳಿದಿರುವ ಮನೆಗಳಲ್ಲಿ ನೇಮವೂ ಉಳಿದಿದೆ. ದುಡಿಮೆಯಲ್ಲೇ ಶಿವನನ್ನು ಕಂಡ ನೆಲ ಇದು. ದುಡಿಯುವ ಪ್ರಾಣಿಗೆ ದೇವರ ಹೆಸರಿನಲ್ಲೇ ಬಿಡುವು ಕೊಡಬೇಕೆಂದು ಆ ನೆಲಕ್ಕೆ ತೋಚಿತಲ್ಲ, ಅದು ದೊಡ್ಡ ಮಾತು. ಆದರೆ ಆ ಸೋಮವಾರವೂ ಎತ್ತಿಗೆ ಮೇವು ಹಾಕುವವಳು, ಸಗಣಿ ಬಳಿಯುವವಳು, ಬಿಡುವಾಗಿ ಕಟ್ಟೆಗೆ ಕುಳಿತ ಗಂಡಸಿಗೆ ರೊಟ್ಟಿ ಬಡಿದು ಹಾಕುವವಳು ಇದ್ದಾಳಲ್ಲ, ಅವಳ ವಾರ ಯಾವುದು?

ಈ ಪ್ರಶ್ನೆ ನನ್ನೊಳಗೆ ಬಹಳ ಕಾಲದಿಂದ ಇತ್ತು. ಅದು ಹೊರಗೆ ಬಂದದ್ದು ಒಂದು ಹಿಂದಿ ಸಿನಿಮಾ ನೋಡಿದ ಮೇಲೆ. ಇಳಕಲ್ಲಿನ ನಮ್ಮ ಓಣಿಯ ಅಕ್ಕನ ಬಳಗದಲ್ಲಿ ನಾವು ಹೆಂಗಸರು ಕೂಡಿ ವಚನ ಹಾಡುತ್ತೇವೆ, ಒಬ್ಬರು ಚಿಂತನ ಹೇಳುತ್ತಾರೆ, ಮಂಡಕ್ಕಿ ತಿಂದು ಏಳುತ್ತೇವೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಹೀಗಾಗಿ ಚಿಂತನದ ಪಾಳಿ ಹೆಚ್ಚು ಸಲ ನನಗೇ ಬರುತ್ತದೆ. ಒಂದು ಸಂಜೆ ಬಳಗದ ಒಬ್ಬ ಎಳೆಯ ಸೊಸೆ, "ಇವತ್ತ ಚಿಂತನ ಬ್ಯಾಡ್ರಿ ಟೀಚರ್, ಒಂದು ಪಿಚ್ಚರ್ ನೋಡೂಣು" ಎಂದು ಟಿವಿಗೆ ಮೊಬೈಲ್ ಜೋಡಿಸಿದಳು. ಆ ಸಿನಿಮಾ 'ಕ್ವೀನ್'. ವಿಕಾಸ್ ಬಹಲ್ ನಿರ್ದೇಶಿಸಿ 2014ರ ಮಾರ್ಚ್‌ನಲ್ಲಿ ಬಿಡುಗಡೆಯಾದದ್ದು. ಕಂಗನಾ ರಣಾವತ್‌ಗೆ ಅತ್ಯುತ್ತಮ ನಟಿ ಎಂದು ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ರಮೇಶ್ ಅರವಿಂದ್ ನಿರ್ದೇಶನದಲ್ಲಿ, ಪಾರುಲ್ ಯಾದವ್ ನಾಯಕಿಯಾಗಿ 'ಬಟರ್‌ಫ್ಲೈ' ಎಂಬ ಹೆಸರಿನಲ್ಲಿ ಇದನ್ನೇ ಕನ್ನಡದಲ್ಲೂ ತೆಗೆದರು. ನಮ್ಮ ಮನೆಗಳಿಗೆ ಬಂದದ್ದು ಮಾತ್ರ ಹಿಂದಿಯದೇ.

ಕಥೆ ಸರಳ. ದಿಲ್ಲಿಯ ಮಿಠಾಯಿ ಅಂಗಡಿಯವರ ಮಗಳು ರಾಣಿ. ಕೈಗೆ ಮೆಹಂದಿ ಹಚ್ಚಿ ಆದ ಮೇಲೆ, ಲಂಡನ್ ಕಂಡು ಬಂದ ವರ "ನೀನು ನನಗೆ ಹೊಂದುವುದಿಲ್ಲ" ಎಂದು ಮದುವೆ ಮುರಿಯುತ್ತಾನೆ. ಮಧುಚಂದ್ರಕ್ಕೆಂದು ತೆಗೆಸಿಟ್ಟ ಟಿಕೆಟ್ ಕೈಯಲ್ಲಿ ಇರುತ್ತದೆ. ಪ್ಯಾರಿಸ್ ಅವಳ ಆಸೆ, ಆಮ್‌ಸ್ಟರ್‌ಡ್ಯಾಮ್ ಅವನ ಆಸೆ. ಅವಳು ಒಬ್ಬಳೇ ಎರಡೂ ಊರಿಗೆ ಹೋಗಿ ಬರುತ್ತಾಳೆ. ಪ್ಯಾರಿಸಿನ ಹೋಟೆಲಿನಲ್ಲಿ ಕೆಲಸ ಮಾಡುವ ವಿಜಯಲಕ್ಷ್ಮಿ ಗೆಳತಿಯಾಗುತ್ತಾಳೆ. ಒಂಟಿಯಾಗಿ ಮಗನನ್ನು ಸಾಕುತ್ತಿರುವ ಹೆಣ್ಣು. ಕೊನೆಗೆ ವರ ಮತ್ತೆ ಬೇಕು ಎಂದು ಬೆನ್ನು ಹತ್ತಿದರೆ ರಾಣಿ ದಿಲ್ಲಿಗೆ ಬಂದು ಉಂಗುರ ಅವನ ಕೈಗಿಟ್ಟು, ಉಪಕಾರವಾಯಿತು ಎಂದು ಹೇಳಿ ಹೊರಟುಬಿಡುತ್ತಾಳೆ. ಪ್ರಣಯದ ನಗೆಚಿತ್ರ ಎಂದು ಕರೆಯುತ್ತಾರೆ, ಆದರೆ ಇದರಲ್ಲಿ ಪ್ರಣಯ ಯಾವ ದಡಕ್ಕೂ ಮುಟ್ಟುವುದಿಲ್ಲ. ದಡ ಮುಟ್ಟುವುದು ಗೆಳೆತನ.

ನಮ್ಮವರು ಚೆನ್ನಾಗಿ ನಕ್ಕರು. ರಾತ್ರಿಯ ಬೀದಿಯಲ್ಲಿ ಕಳ್ಳ ರಾಣಿಯ ಚೀಲ ಕಸಿಯಲು ಬಂದಾಗ ಅವಳು ನೆಲಕ್ಕೆ ಬಿದ್ದರೂ ಚೀಲ ಬಿಡುವುದಿಲ್ಲ. ಆ ದೃಶ್ಯಕ್ಕೆ ಮಗ್ಗದ ಮನೆಯ ಹೆಂಗಸರೆಲ್ಲ "ಬಿಡಬ್ಯಾಡ, ಬಿಡಬ್ಯಾಡವಾ" ಎಂದು ಕೂಗಿದರು. ಸಿನಿಮಾ ಮುಗಿದ ಮೇಲೆ ಬಳಗದ ಹಿರಿಯಳೊಬ್ಬಳು ಕೇಳಿದ ಮಾತಿಗೆ ಮಾತ್ರ ಯಾರಿಗೂ ಚಟ್ಟನೆ ಉತ್ತರ ಹೊಳೆಯಲಿಲ್ಲ. "ಶ್ರೀಶೈಲಕ್ಕ ಹೋದಾಕಿ ಮಲ್ಲಯ್ಯನ ಸಲುವಾಗಿ ಹೊಕ್ಕಾಳ. ಬನಶಂಕರಿಗೆ ಹೋದಾಕಿ ತಾಯಿ ಸಲುವಾಗಿ ಹೊಕ್ಕಾಳ. ಈಕಿ ಯಾರ ಸಲುವಾಗಿ ಹೋಗಿದ್ಲು?" ಎಳೆಯ ಸೊಸೆ ಹೇಳಿದಳು, "ತನ್ನ ಸಲುವಾಗಿ ಹೋಗಿದ್ಲರಿ, ಅತ್ತಿ." ಹಿರಿಯಳು ತಲೆ ಅಲ್ಲಾಡಿಸಿದಳು: "ಹಂಗಾದ್ರ ಅದು ಮೋಜು. ದೇವರಿಗೆ ಹೋಗೂದು ಬ್ಯಾರೆ, ಮೋಜಿಗೆ ಹೋಗೂದು ಬ್ಯಾರೆ."

ಆ ಹಿರಿಯಳ ಮಾತನ್ನು ನಾನು ಹಗುರವಾಗಿ ತಗೊಳ್ಳಲಾರೆ. ಅವಳು ಅರಿತು ಹೇಳಿದ್ದಾಳೆ. ಹರಕೆ ಹೊತ್ತು ಹೋಗುವವಳಿಗೆ ದಾರಿಯಲ್ಲಿ ಒಂದು ಶಿಸ್ತಿದೆ, ತಲುಪಬೇಕಾದ ಜಾಗವಿದೆ, ತನಗಿಂತ ದೊಡ್ಡದೊಂದರ ಮುಂದೆ ಬಾಗುವ ಗಳಿಗೆಯಿದೆ. ಮೋಜಿಗೆ ಹೋಗುವವಳಿಗೆ ಇದು ಯಾವುದೂ ಇಲ್ಲ. ಮನಸ್ಸು ಕರೆದತ್ತ ಹೋಗುತ್ತಾಳೆ, ದಣಿದಾಗ ಮರಳುತ್ತಾಳೆ. ಒಂದು ಪ್ರಯಾಣ ಮನುಷ್ಯನನ್ನು ಒಳಗಿನಿಂದ ಬೆಳೆಸಬೇಕಾದರೆ ಅದಕ್ಕೆ ತನ್ನ ಹೊರತು ಬೇರೆ ಗುರಿ ಇರಬೇಕಲ್ಲವೇ? ಧರ್ಮದ ಕಡೆಯಿಂದ ಇದು ಬಲವಾದ ಪ್ರಶ್ನೆ. ಸ್ವಾತಂತ್ರ್ಯ ಎಂದಷ್ಟೇ ಹೇಳಿ ಇದನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ.

ಅದಕ್ಕೇ ನಾನು ನನ್ನ ಅವ್ವನ ಶ್ರೀಶೈಲದ ಯಾತ್ರೆಯನ್ನು ಮತ್ತೆ ಮತ್ತೆ ನೆನೆದು ನೋಡಿದೆ. ಅವ್ವ ನೇಕಾರರ ಮನೆಯವಳು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ರಾಟಿ ಹಿಡಿದು ಕಂಡಿಕಿ ಸುತ್ತುತ್ತಿದ್ದಳು. ಇಳಕಲ್ ಸೀರೆಯ ಒಡಲ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ರೇಷ್ಮೆ ಎಳೆಯ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕಬೇಕು. ಎಳೆ ಎಳೆಯನ್ನೂ ಬೆರಳ ತುದಿಯಲ್ಲಿ ಹುಡುಕಿ, ಒಂದೂ ತಪ್ಪದಂತೆ ಕೂಡಿಸಬೇಕು. ಒಂದು ತಪ್ಪಿದರೆ ಸೆರಗು ಏಳುವಲ್ಲಿ ಗೆರೆ ಬಿರಿಯುತ್ತದೆ. ಒಂದು ಸೀರೆಗೆ ಒಂದು ಹಾಸು, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ. ಅಪ್ಪನ ಕೂಲಿ ಲೆಕ್ಕದ ಪುಸ್ತಕದಲ್ಲಿ ಬರುತ್ತಿತ್ತು, ಅವ್ವನ ಕಂಡಿಕಿ ಯಾವ ಪುಸ್ತಕದಲ್ಲೂ ಬರಲಿಲ್ಲ. ಕಾಯಕದ ಬಗ್ಗೆ ಚಿಂತನ ಹೇಳುವಾಗೆಲ್ಲ ಆ ರಾಟಿ ನನ್ನ ಕಣ್ಣ ಮುಂದೆ ತಿರುಗುತ್ತದೆ.

ಆ ಅವ್ವ ಒಮ್ಮೆ ಯುಗಾದಿಯ ಮುಂದೆ ಓಣಿಯ ಹೆಂಗಸರ ಜೊತೆ ಶ್ರೀಶೈಲಕ್ಕೆ ನಡೆದು ಹೋದಳು. ನಮ್ಮ ಕಡೆಯಿಂದ ಸಾವಿರಾರು ಮಂದಿ ಹಾಗೆ ಹೋಗುತ್ತಾರೆ. ಕಂಬಿ ಹೊತ್ತವರು, ಭ್ರಮರಾಂಬೆಯನ್ನು ಮನೆಮಗಳೆಂದು ತಿಳಿದು ಸೀರೆ ಒಯ್ಯುವವರು. ದಾರಿಯುದ್ದಕ್ಕೂ ಊರೂರಲ್ಲಿ ಅಂಬಲಿ, ಮಜ್ಜಿಗೆ, ಅನ್ನ ನೀಡುವವರು. ನಲ್ಲಮಲದ ಕಾಡು, ಭೀಮನಕೊಳ್ಳದ ಏರು. ಮರಳಿ ಬಂದ ಮೇಲೆ ಅವ್ವ ಬದುಕಿದ್ದಷ್ಟು ದಿನ ಆ ಯಾತ್ರೆಯ ಕಥೆ ಹೇಳಿದಳು. ಮಲ್ಲಯ್ಯನ ದರ್ಶನದ ಬಗ್ಗೆ ಅವಳು ಹೇಳಿದ್ದು ಇಷ್ಟೇ: "ಭಾಳ ಮಂದಿ ಇದ್ರು, ಕೈ ಮುಗದೆ, ನೂಕಿದ್ರು, ಹೊರಗ ಬಂದೆ." ಉಳಿದ ಕಥೆಯೆಲ್ಲ ದಾರಿಯದು. ಕೆರೂರು ಕಡೆಯ ಒಬ್ಬಾಕೆ ಅವ್ವನ ಅಂಗಾಲಿನ ಗುಳ್ಳೆಗೆ ಎಣ್ಣೆ ಹಚ್ಚಿ ಅರಿವೆ ಕಟ್ಟಿದ್ದು. ರಾತ್ರಿ ಮರದ ಕೆಳಗೆ ಮಲಗಿ ಇಬ್ಬರೂ ತಮ್ಮ ಸತ್ತ ಕೂಸುಗಳ ಹೆಸರು ಒಬ್ಬರಿಗೊಬ್ಬರು ಹೇಳಿಕೊಂಡದ್ದು. ಆ ಹೆಸರನ್ನು ಅವ್ವ ಮನೆಯಲ್ಲಿ ಯಾರ ಮುಂದೆಯೂ ಉಚ್ಚರಿಸಿರಲಿಲ್ಲ. ಆ ಕೆರೂರಿನಾಕೆಯ ಜೊತೆ ಮತ್ತೊಮ್ಮೆ ನಡೆಯಬೇಕೆಂಬ ಆಸೆ ಅವ್ವನಿಗೆ ಕೊನೆಯವರೆಗೂ ಇತ್ತು. ಮಲ್ಲಯ್ಯನನ್ನು ಮತ್ತೆ ನೋಡಬೇಕು ಎಂದು ಹೇಳಿದರೆ ಮನೆಯವರು ಕಳಿಸಬಹುದಿತ್ತು. ಗೆಳತಿಯನ್ನು ನೋಡಬೇಕು ಎಂದರೆ ಕಳಿಸುತ್ತಿರಲಿಲ್ಲ. ಹಾಗೆಂದು ಅವ್ವ ಸುಳ್ಳು ಹರಕೆ ಹೊರುವವಳಲ್ಲ. ಹೋಗಲೇ ಇಲ್ಲ.

ಹಿರಿಯಳ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ಹೆಂಗಸರಿಗೆ ದೇವರು ಗುರಿಯೂ ಆಗಿದ್ದ, ಪರವಾನಗಿಯೂ ಆಗಿದ್ದ. ಎರಡೂ ಒಂದರಲ್ಲೊಂದು ಬೆರೆತು ಹೋಗಿದ್ದರಿಂದ ಅವಳು ಯಾವುದಕ್ಕೆ ಹೋದಳು ಎಂದು ಬಿಡಿಸಿ ಹೇಳುವುದೇ ಕಷ್ಟ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ತೇರು ಎಳೆಯುತ್ತಾರೆ. ತೇರು ಒಂದು ದಿನದ್ದು, ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಟೆಂಟು, ಬಳೆ ಅಂಗಡಿ, ತೊಟ್ಟಿಲು, ಮಿಠಾಯಿ. ತಾಯಿಗೆ ಕಾಯಿ ಒಡೆಸಿ ಬಂದ ಹೆಂಗಸರು ರಾತ್ರಿ ನಾಟಕಕ್ಕೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ನಗೆ ಬನಶಂಕರಿಗೆ ಸಲ್ಲುವುದಿಲ್ಲ ಎಂದು ಯಾವ ಹಿರಿಯಳೂ ಈವರೆಗೆ ಹೇಳಿಲ್ಲ.

ಇನ್ನು ಶರಣರ ಮಾತಿಗೆ ಬರೋಣ. ನಾವು ಬಳಗದವರು ಶರಣರನ್ನು ನಂಬಿದವರು. ಹೊಳೆಯಲ್ಲಿ ಮುಳುಗಿ ಎದ್ದರೆ, ಕ್ಷೇತ್ರ ಸುತ್ತಿದರೆ ಪುಣ್ಯ ಬರುತ್ತದೆ ಎಂಬುದನ್ನು ಅವರು ಒಪ್ಪಲಿಲ್ಲ. ನಮ್ಮ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆ ಕೂಡುತ್ತವೆ, ಬಸವಣ್ಣ ಓದಿದ್ದೂ ಐಕ್ಯನಾದದ್ದೂ ಅಲ್ಲಿಯೇ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿದಾಗ ಐಕ್ಯಸ್ಥಳದ ಸುತ್ತ ಬಾವಿಯಂತೆ ದುಂಡನೆಯ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ಹೋಗಿ ಕೈ ಮುಗಿಯುವಾಗ ನನಗೆ ಪ್ರತಿ ಸಲ ಅನಿಸುವುದಿದೆ: ಇಷ್ಟು ಪವಿತ್ರವಾದ ಸಂಗಮದಲ್ಲಿ ಬೆಳೆದ ಹುಡುಗ ಅಲ್ಲೇ ಉಳಿಯಬಹುದಿತ್ತು, ಆದರೆ ಎದ್ದು ಕಲ್ಯಾಣಕ್ಕೆ ಹೋದ. ಕಲ್ಯಾಣ ತೀರ್ಥಕ್ಷೇತ್ರವಾಗಿರಲಿಲ್ಲ. ರಾಜಧಾನಿ, ಸಂತೆ, ಸುಂಕ, ಸೈನ್ಯ ಇದ್ದ ಊರು. ದೂರದೂರದಿಂದ ಜನ ಅಲ್ಲಿಗೆ ನಡೆದು ಬಂದದ್ದು ಜಾಗಕ್ಕಾಗಿ ಅಲ್ಲ, ಒಬ್ಬರಿಗೊಬ್ಬರು ಸಿಗುವುದಕ್ಕಾಗಿ. ಶರಣರ ದೃಷ್ಟಿಯಲ್ಲಿ ಪ್ರಯಾಣವನ್ನು ಪಾವನ ಮಾಡುವುದು ಸಂಗ. ಇದನ್ನು ಒಪ್ಪಿಕೊಂಡ ಮೇಲೆ, ದೇವರಿಗೆ ಹೋಗುವುದು ಬೇರೆ, ಗೆಳತಿಯ ಜೊತೆ ಹೋಗುವುದು ಬೇರೆ ಎಂಬ ಗೋಡೆ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಎಳೆಯ ಸೊಸೆಯ ಉತ್ತರವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ರಾಣಿ ತನ್ನ ಸಲುವಾಗಿ ಹೋದಳು ನಿಜ, ಆದರೆ ಹೋದ ಮೊದಲ ದಿನಗಳಲ್ಲಿ ಅವಳು ಅಳುತ್ತ ಕೋಣೆಯಲ್ಲಿ ಬಿದ್ದಿರುತ್ತಾಳೆ. ತನ್ನೊಬ್ಬಳ ಸಲುವಾಗಿ ಎಂಬುದು ಅವಳನ್ನು ಹಾಸಿಗೆಯಿಂದ ಎಬ್ಬಿಸುವುದಿಲ್ಲ. ಎಬ್ಬಿಸುವುದು ಗೋಡೆಯಾಚೆಯ ಇನ್ನೊಂದು ಹೆಣ್ಣು. ವಿಜಯಲಕ್ಷ್ಮಿಯ ನಡೆ ನುಡಿ ಉಡುಗೆ ಯಾವುದೂ ರಾಣಿಗೆ ಹೊಂದುವಂಥದಲ್ಲ. ಹಾಗಿದ್ದೂ ಅವಳು ರಾಣಿಯನ್ನು ತಿದ್ದಲು ಹೋಗುವುದಿಲ್ಲ, ರಾಣಿ ಅವಳನ್ನು ಅಳೆಯಲು ಹೋಗುವುದಿಲ್ಲ. ಯಾರವನು ಎಂದು ಕೇಳದೆ ನಮ್ಮವನೆಂದು ಅಪ್ಪಿಕೊಳ್ಳುವುದನ್ನು ಬಸವಣ್ಣ ಕಲಿಸಿದ. ನಮ್ಮ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ, ಜಾತ್ರೆಯಲ್ಲಿ, ಗುಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ "ಯಾರ ಸೊಸೀನವಾ ನೀ?" ಪರದೇಶದಲ್ಲಿ ಇರುವ ದೊಡ್ಡ ಸುಖ ಐಫೆಲ್ ಗೋಪುರವಲ್ಲ, ಆ ಪ್ರಶ್ನೆ ಕೇಳುವವರು ಇಲ್ಲದಿರುವುದು ಎಂದು ನನಗೆ ತೋರುತ್ತದೆ. ನಾಲ್ಕು ದಿನ ಯಾರ ಸೊಸೆಯೂ ಯಾರ ಮಗಳೂ ಆಗದೆ ಬರೀ ಜೀವವಾಗಿ ಇರುವುದು ಒಂದು ಬಗೆಯ ಸಾಧನೆ. ಸನ್ಯಾಸಿಗೆ ಅದನ್ನು ಸಲೀಸಾಗಿ ಕೊಟ್ಟೆವು, ಗೃಹಿಣಿಗೆ ಕೊಡಲಿಲ್ಲ.

ರಾಣಿಯಂಥವರನ್ನು ಅಕ್ಕಮಹಾದೇವಿಗೆ ಹೋಲಿಸುವ ಚಪಲ ನಮ್ಮ ಭಾಷಣಕಾರರಿಗೆ ಇದೆ. ಆ ಹೋಲಿಕೆ ಸಲ್ಲದು. ಅಕ್ಕ ಕೌಶಿಕನ ಅರಮನೆ ಬಿಟ್ಟು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದವಳು. ಅವಳಿಗೆ ಮರಳುವ ಟಿಕೆಟ್ ಇರಲಿಲ್ಲ. ಚೆನ್ನಮಲ್ಲಿಕಾರ್ಜುನನ ಹೊರತು ಬೇರೆ ಏನೂ ಬೇಡವಾಗಿತ್ತು. ರಜೆಗೆ ಹೋದವಳನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯ. ಒಂದು ಸಂಗತಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ತನ್ನ ಎದೆಯ ಅತಿ ಒಳಗಿನ ಮಾತನ್ನು, ಆ ಚೆನ್ನಮಲ್ಲಿಕಾರ್ಜುನನ ಮೇಲಿನ ಹುಚ್ಚನ್ನು ಹೇಳುವಾಗ ಅಕ್ಕ ಎಷ್ಟೋ ವಚನಗಳಲ್ಲಿ ಕರೆಯುವುದು ಇನ್ನೊಂದು ಹೆಣ್ಣನ್ನು. ಗುರುವಿನ ಮುಂದೆ ಹೇಳಲಾಗದ್ದನ್ನು ಕೆಳದಿಯ ಮುಂದೆ ಹೇಳುತ್ತಾಳೆ. ಎಲ್ಲ ಬಿಟ್ಟವಳಿಗೂ ಕೇಳುವ ಕೆಳದಿ ಬೇಕಾಗಿದ್ದಳು.

ದುಡಿಮೆಯ ಧರ್ಮದಲ್ಲಿ ಬಿಡುವಿಗೆ ಜಾಗ ಇದೆಯೇ ಎಂಬುದು ಇನ್ನೊಂದು ತೊಡಕು. ಕಾಯಕ ಬಿಟ್ಟು ಸುಮ್ಮನೆ ಊರು ಸುತ್ತುವುದು ಶರಣ ಧರ್ಮಕ್ಕೆ ಒಪ್ಪುವುದೇ? ಇಲ್ಲಿ ನನಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು. ಎಲ್ಲರೂ ಇದನ್ನು ಆಸೆಗೆ ಕಡಿವಾಣ ಎಂದು ಓದುತ್ತಾರೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓದುತ್ತೇನೆ: ಅಕ್ಕಿಗೆ ಒಂದು ಮಿತಿ ಇದ್ದರೆ ಅಕ್ಕಿ ಆಯುವ ಕೈಗೂ ಒಂದು ಮಿತಿ ಇರಬೇಕು. ಆ ಮಿತಿಯ ಆಚೆಗಿನ ದುಡಿಮೆ ಕಾಯಕವಲ್ಲ, ಅದು ಲೋಭ, ಇಲ್ಲವೇ ಬೇರೆಯವರ ಲೋಭಕ್ಕೆ ದುಡಿಯುವುದು. ಅವ್ವನ ರಾಟಿ ಆ ಮಿತಿಯನ್ನು ಎಂದೋ ದಾಟಿತ್ತು.

ಸಿನಿಮಾದಲ್ಲಿ ನಾನು ಒಪ್ಪದ್ದೂ ಇದೆ. ರಾಣಿ ಪ್ಯಾರಿಸಿನಲ್ಲಿ ಕುಡಿದು ಕುಣಿಯುವುದನ್ನು ಬಿಡುಗಡೆ ಎಂಬಂತೆ ತೋರಿಸಿದ್ದಾರೆ. ನಮ್ಮ ಇಳಕಲ್ಲಿನ ಮಠದ ಮಹಾಂತಪ್ಪಗಳು 1975ರಿಂದ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, ಕಾಣಿಕೆ ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಗಂಡನ ಕುಡಿತದಿಂದ ಬೆಂದ ಎಷ್ಟು ಮನೆಗಳಲ್ಲಿ ಆ ಜೋಳಿಗೆ ಒಲೆ ಹೊತ್ತಿಸಿತು ಎಂಬುದನ್ನು ಕಂಡವಳು ನಾನು. ಗಂಡಸಿನ ಕೈಯಲ್ಲಿ ಕೆಟ್ಟದ್ದಾಗಿದ್ದ ಬಟ್ಟಲು ಹೆಣ್ಣಿನ ಕೈಗೆ ಬಂದರೆ ಒಳ್ಳೆಯದಾಗುವುದಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಆಮ್‌ಸ್ಟರ್‌ಡ್ಯಾಮಿನಲ್ಲಿ ರುಖ್ಸಾರ್ ಎಂಬ ಪಾಕಿಸ್ತಾನದ ಹುಡುಗಿ ಬರುತ್ತಾಳೆ. ಮೈ ಮಾರುವ ಬೀದಿಯಲ್ಲಿ ದುಡಿದು ಊರಿಗೆ ಹಣ ಕಳಿಸುವವಳು. ರಾಣಿ ಅವಳ ಜೊತೆ ನಗುತ್ತಾಳೆ, ಅವಳ ಸಂಕಟ ಕೇಳುತ್ತಾಳೆ, ಮುಂದೆ ಹೋಗುತ್ತಾಳೆ. ಸಿನಿಮಾ ಕೂಡ ಮುಂದೆ ಹೋಗುತ್ತದೆ. ಒಬ್ಬಳ ರಜೆಯ ಊರು ಇನ್ನೊಬ್ಬಳ ದುಡಿಮೆಯ ಊರು ಎಂಬುದನ್ನು ಅಲ್ಲಿ ನಿಂತು ನೋಡಬೇಕಿತ್ತು. ನಮ್ಮ ಬನಶಂಕರಿಯ ಹೊಂಡದ ದಂಡೆಯ ಮೇಲೂ ಇದೇ ಕಾಣುತ್ತದೆ. ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿ ತುಂಬ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆಯಲ್ಲಿ ಮೊಸರು ಹೊತ್ತು ಬಂದು, ಯಾತ್ರಿಕರ ಹಿಂದೆ ಹಿಂದೆ "ಊಟ ಮಾಡ್ರೆವಾ" ಎನ್ನುತ್ತ ತಿರುಗುತ್ತಾರೆ. ನಾವು ಕಲ್ಲಿನ ನೆರಳಿಗೆ ಕುಳಿತು ಉಣ್ಣುತ್ತೇವೆ, ಅವರು ಬಿಸಿಲಿನಲ್ಲಿ ನಿಂತು ನೀಡುತ್ತಾರೆ. ಆ ರೊಟ್ಟಿ ಬಡಿಯಲು ಅವಳು ಎಷ್ಟು ಹೊತ್ತಿಗೆ ಎದ್ದಳು ಎಂದು ಕೇಳದ ಆನಂದಕ್ಕೆ ಧರ್ಮದ ಮನೆಯಲ್ಲಿ ಜಾಗವಿಲ್ಲ, ಅದು ಯಾತ್ರೆಯೇ ಇರಲಿ, ಪ್ರವಾಸವೇ ಇರಲಿ.

ನನ್ನ ಗೆಳತಿಯ ಮಾತು ಹೇಳದೆ ಈ ಬರಹ ಮುಗಿಯುವುದಿಲ್ಲ. ಗುಳೇದಗುಡ್ಡಕ್ಕೆ ಮದುವೆಯಾಗಿ ಹೋದವಳು, ಖಣ ನೇಯುವ ಮನೆಗೆ. ಶ್ರಾವಣದ ಪಂಚಮಿಗೆ ಅಣ್ಣ ಹೋಗಿ ಕರೆದುಕೊಂಡು ಬರುತ್ತಿದ್ದ, ನನ್ನನ್ನೂ ನನ್ನ ತಮ್ಮ ಕರೆತರುತ್ತಿದ್ದ. ಬೇವಿನ ಮರಕ್ಕೆ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಹಗಲೆಲ್ಲ ಮಾತು. ಬೇರೆ ಬೇರೆ ಊರಿಗೆ ಚದುರಿದ ಗೆಳತಿಯರನ್ನು ವರ್ಷಕ್ಕೊಮ್ಮೆ ಕೂಡಿಸುವ ಕೆಲಸವನ್ನು ಧರ್ಮ ಪಂಚಾಂಗದೊಳಗೇ ಇಟ್ಟಿತ್ತು. ಅದನ್ನು ಕಂಡರೆ ನನಗೆ ಇವತ್ತಿಗೂ ಕೃತಜ್ಞತೆ ಉಕ್ಕುತ್ತದೆ. ಆದರೆ ಆ ಕೂಟ ನಿಂತಿದ್ದುದು ಕರೆಯಲು ಬರುವ ಗಂಡಸಿನ ಮೇಲೆ. ತಂದೆ ತಾಯಿ ತೀರಿಕೊಂಡರು, ಅಣ್ಣ ತಮ್ಮಂದಿರು ಪಾಲಾದರು, ಕರೆಯುವವರು ಇಲ್ಲವಾದರು. ತವರಿನ ಬಾಗಿಲ ಜೊತೆ ಗೆಳೆತನದ ಬಾಗಿಲೂ ಮುಚ್ಚಿಕೊಂಡಿತು. ಇಳಕಲ್ಲಿನಿಂದ ಗುಳೇದಗುಡ್ಡ ಎಷ್ಟು ದೂರ? ಬಸ್ಸಿನಲ್ಲಿ ಒಂದು ಹೊತ್ತಿನ ದಾರಿ. ಅಷ್ಟು ದೂರವನ್ನು ದಾಟಲು ನಮಗೆ ಒಂದು ನೆಪ ಸಿಗಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಬಸ್ ಟಿಕೆಟ್ ಪಡೆದು ಹೆಂಗಸರು ಗುಂಪು ಗುಂಪಾಗಿ ಹೊರಟರು. ಪತ್ರಿಕೆಗಳಲ್ಲಿ, ಕಟ್ಟೆಗಳಲ್ಲಿ "ಇವರಿಗೆ ಮನೆ ಮಠ ಇಲ್ಲೇನು" ಎಂಬ ಮಾತು ಕೇಳಿದೆವು. ಹೆಚ್ಚಿನವರು ಗುಡಿಗಳಿಗೇ ಹೋದರು, ಹಳೆಯ ಪರವಾನಗಿ ಇನ್ನೂ ಕೈಯಲ್ಲಿತ್ತು. ನಾನೂ ನನ್ನ ಗೆಳತಿಯೂ ಬಾದಾಮಿ ಬಸ್ ನಿಲ್ದಾಣದಲ್ಲಿ ಸಿಕ್ಕೆವು, ಯಾವ ಹರಕೆಯೂ ಇರಲಿಲ್ಲ. ಬುತ್ತಿ ಕಟ್ಟಿಕೊಂಡಿದ್ದೆವು. ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಮೂರನೆಯ ಗುಹೆಗೆ ಬಂದೆವು. ಚಾಲುಕ್ಯರ ಮಂಗಲೇಶ 578ರಲ್ಲಿ ವಿಷ್ಣುವಿಗೆ ಕೊರೆಸಿದ ಗುಡಿ. ಒಳಗೆ ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ. ಕಂಬದ ಮೇಲೆ ತೊಲೆಗೆ ಕೊಟ್ಟ ಆತುಗಳಲ್ಲಿ ಬೇರೆಯದೇ ಲೋಕ: ಮರದ ನೆರಳಿನಲ್ಲಿ ಗಂಡು ಹೆಣ್ಣಿನ ಜೋಡಿಗಳು, ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಮಾತಾಡುತ್ತ, ಸುಮ್ಮನೆ ನಿಂತವರು. ಗೆಳತಿ ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಇವರೆಲ್ಲ ಯಾವ ಹರಕಿ ಹೊತ್ತು ಬಂದಾರ?" ಎಂದಳು. ದೇವರ ಗುಡಿಯ ತೊಲೆಯನ್ನು ಅವರ ಮಗ್ಗುಲಲ್ಲೇ ನಿಲ್ಲಿಸಿದ ಶಿಲ್ಪಿಗೆ ಅವರ ಸುಖ ದೇವರಿಗೆ ಅಡ್ಡಿ ಎಂದು ಕಾಣಲಿಲ್ಲ. ಆಮೇಲೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಉಂಡೆವು. ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡ ಮಾತುಗಳನ್ನು ಅವಳು ಹೇಳಿದಳು, ನಾನೂ ಹೇಳಿದೆ. ಪ್ಯಾರಿಸ್ ನಮಗೆ ಬೇಕಾಗಲಿಲ್ಲ. ಬೇಕಾದವರು ಅಲ್ಲಿಗೂ ಹೋಗಲಿ.

ಬಳಗದ ಹಿರಿಯಳಿಗೆ ಮುಂದಿನ ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ: ಎಲ್ಲಿಗೆ, ಯಾರ ಸಲುವಾಗಿ ಎಂದು ಕೇಳುವ ಬದಲು ಯಾರ ಜೊತೆ ಹೋದಳು, ದಾರಿಯಲ್ಲಿ ಯಾರನ್ನು ಕಂಡಳು ಎಂದು ಕೇಳಬೇಕು. ಅವಳು ಪೂರ್ತಿ ಒಪ್ಪಿಲ್ಲ. ವಾದ ಇನ್ನೂ ನಡೆದಿದೆ. ಓದುತ್ತಿರುವ ಅತ್ತೆಯಂದಿರಲ್ಲಿ, ಅಣ್ಣ ತಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಬರುವ ಪಂಚಮಿಗೆ ನಿಮ್ಮ ಮನೆಯ ಸೊಸೆಗೆ, ತಂಗಿಗೆ ಗೆಳತಿ ಯಾವ ಊರಿನಲ್ಲಿದ್ದಾಳೆ ಎಂದು ಕೇಳಿ. ಬುತ್ತಿ ನೀವೇ ಕಟ್ಟಿ, ಬಸ್ ನಿಲ್ದಾಣದವರೆಗೆ ಬಿಟ್ಟು ಬನ್ನಿ. ಯಾವ ದೇವರಿಗೆ ಹೊರಟೆ ಎಂದು ಮಾತ್ರ ಕೇಳಬೇಡಿ.